ಅಮ್ಮ ಬಾಗಿಲು ಹಾಕಲು ಕಲಿತ ವರ್ಷ

ಮೊನ್ನೆ ನಮ್ಮ ಸುಳ್ಯದ ಮನೆಗೆ ಪೈಂಟು ಹೊಡೆಯಲಿಕ್ಕೆ ಬಂದವರು ಸಂಜೆ ಕೆಲಸ ಮುಗಿಸಿ, ಬ್ರಶ್ಶು ತೊಳೆಯಲಿಕ್ಕೆಂದು ಒಂದು ಹಳೆಯ ಡಬ್ಬಿಯ ಮುಚ್ಚಳ ತೆರೆದರು. ನಾನು ಒಳಗೆ ಅಡಿಗೆಮನೆಯಲ್ಲಿದ್ದೆ. ವಾಸನೆ ಅಲ್ಲಿಯವರೆಗೆ ಬಂತು. ಚಿಮಿಣಿ ಎಣ್ಣೆ, ಘಟ್ಟದ ಮೇಲಿನವರ ಸೀಮೆಎಣ್ಣೆ! ಎಷ್ಟು ವರ್ಷ ಆಗಿತ್ತು ಮಾರಾಯ್ರೆ, ಆ ವಾಸನೆ ಮೂಗಿಗೆ ಬೀಳದೆ. ಒಲೆಯ ಮೇಲಿದ್ದ ಹಾಲನ್ನೂ ಮರೆತು ಹೊರಗೆ ಹೋಗಿ ನಿಂತೆ. "ವಾಸನೆ ಆಗ್ತದಾ ಅಮ್ಮ? ಆಚೆ ತೆಗೊಂಡು ಹೋಗ್ತೇವೆ" ಎಂದರು. ಬೇಡ, ಅಲ್ಲೇ ಇರಲಿ ಎಂದೆ. ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು.

ಅದು ಪುತ್ತೂರಿನ ಬಿಡಾರದ ವಾಸನೆ. ಅರವತ್ತರ ದಶಕದ ಆರಂಭದಲ್ಲಿ ಅಮ್ಮ ಮತ್ತು ನಾನು ಅಲ್ಲಿದ್ದದ್ದು. ನನ್ನ ಎಸ್ಸೆಸ್ಸೆಲ್ಸಿಯ ವರ್ಷ. ಈಗಿನವರು ಒಂದು ಊರಿನಿಂದ ಇನ್ನೊಂದು ಊರಿಗೆ ಮನೆ ಬದಲಾಯಿಸಿದರೆ ಲಾರಿ ಬಾಡಿಗೆ, ಅಡ್ವಾನ್ಸು, ಗ್ಯಾಸಿನ ಕನೆಕ್ಷನ್ನು ಎಂದು ಆರು ತಿಂಗಳು ಅದನ್ನೇ ಮಾತಾಡುತ್ತಾರೆ. ಮಾತಾಡಲಿ, ಬೇಡ ಎಂದವರು ಯಾರು? ಆದರೆ ಕಡಬದ ಆಚೆಯ ಒಂದು ಹಳ್ಳಿಯಿಂದ ಪುತ್ತೂರಿಗೆ ಹೋಗಿ ಕೂತದ್ದಕ್ಕೆ ನನ್ನ ಅಮ್ಮ ಕೊಟ್ಟ ಬೆಲೆ ಎಂತ ಎಂದು ನನ್ನ ಬಳಿ ಯಾರೂ ಕೇಳಿದ್ದಿಲ್ಲ. ಕೇಳದಿದ್ದರೆ ಹೇಳಬಾರದು ಎಂದೇನೂ ಇಲ್ಲವಲ್ಲ.

ನಮ್ಮದು ಅಳಿಯ ಸಂತಾನದ ಮನೆ. ಎಂದರೆ, ಮನೆ ನಡೆಯುವುದು ಹೆಣ್ಣಿನ ಕಡೆಯಿಂದ. ಹುಡುಗಿಯರು ಮದುವೆಯಾದರೂ ಹುಟ್ಟಿದ ಮನೆಯವರೇ, ಅವರ ಮಕ್ಕಳೂ ಆ ಮನೆಯವರೇ. ಯಜಮಾನಿಕೆ ಮಾತ್ರ ತಾಯಿಯ ಅಣ್ಣನದ್ದು. ನನ್ನ ಅಪ್ಪ ಅವರ ತಾಯಿಯ ಮನೆಯಲ್ಲಿದ್ದು ಬಂದು ಹೋಗುತ್ತಿದ್ದವರು, ನಾನು ಸಣ್ಣವಳಿರುವಾಗಲೇ ತೀರಿಹೋದರು. ಹಾಗಾಗಿ ನಮಗೆ ಎಲ್ಲ ಮಾವನೇ. ಗದ್ದೆ, ತೋಟ, ಕೋರ್ಟಿನ ವ್ಯಾಜ್ಯ, ನಮ್ಮ ಊಟ, ಬಟ್ಟೆ ಎಲ್ಲವೂ ಅವರ ಕೈಯಲ್ಲಿ. ಕೆಟ್ಟವರಲ್ಲ. ಜ್ವರ ಬಂದರೆ ತಾವೇ ಹೊತ್ತುಕೊಂಡು ಹೊಳೆ ದಾಟಿಸುವವರು. ಆದರೆ ತಾವು ಹೇಳಿದ್ದು ನಡೆಯದೆ ಇದ್ದದ್ದನ್ನು ಅವರು ಹುಟ್ಟಿದ ಮೇಲೆ ಕಂಡವರಲ್ಲ.

ಒಂಬತ್ತು, ಹತ್ತನೇ ಕ್ಲಾಸು ನಾನು ಉಪ್ಪಿನಂಗಡಿಯಲ್ಲಿ ಚಿಕ್ಕಮ್ಮನ ಬಿಡಾರದಲ್ಲಿದ್ದು ಓದಿದೆ. ಆಗ ಎಸ್ಸೆಸ್ಸೆಲ್ಸಿ ಎಂದರೆ ಹನ್ನೊಂದನೇ ಕ್ಲಾಸು. ಅಷ್ಟರಲ್ಲಿ ಚಿಕ್ಕಪ್ಪನಿಗೆ ದೂರದ ಊರಿಗೆ ವರ್ಗವಾಯಿತು. ಮಾವ, "ಸಾಕು, ಇಷ್ಟು ಕಲಿತದ್ದೇ ಹೆಚ್ಚು" ಎಂದರು. ನಾನು ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಅಮ್ಮ ಚಾವಡಿಗೆ ಬಂದು, ಮಾವನ ಎದುರು ಕಂಬ ಹಿಡಿದು ನಿಂತು ಹೇಳಿದರು. "ಅಣ್ಣ, ಪುತ್ತೂರಿನಲ್ಲಿ ಒಂದು ಬಿಡಾರ ಮಾಡಿಕೊಡಿ. ನಾನು ಇವಳ ಒಟ್ಟಿಗೆ ಇರ್ತೇನೆ. ಒಂದು ವರ್ಷ."

ಮಾವ ಬಹಳ ಹೊತ್ತು ವೀಳ್ಯ ಜಗಿದರು. ಕಡೆಗೆ, "ಆಗಲಿ ಸೇಸು. ತಿಂಗಳಿಗೆ ಒಂದು ಮುಡಿ ಅಕ್ಕಿ ಕಳಿಸ್ತೇನೆ. ಬಿಡಾರದ ಬಾಡಿಗೆ ನನ್ನದು. ಪಾಸಾದರೆ ಮುಂದಿನದ್ದು ನೋಡುವ. ಫೇಲಾದರೆ ಮರುದಿನವೇ ಬರಬೇಕು, ನಾನು ಹೇಳಿದ ಕಡೆ ಮದುವೆಗೆ ಕೂರಬೇಕು. ಪುನಃ ಬರೀತೇನೆ ಗಿರೀತೇನೆ ಅಂತ ಇಲ್ಲ" ಎಂದರು. ಅಮ್ಮ ಸರಿ ಎಂದರು. ನನ್ನನ್ನು ಯಾರೂ ಕೇಳಲಿಲ್ಲ, ಆದರೂ ನಾನು ಸರಿ ಎಂದೆ.

ಹೀಗೆ ನಾವು ಪುತ್ತೂರಿಗೆ ಹೊರಟದ್ದು. ಸಾಮಾನೆಂದರೆ ಬೈಹುಲ್ಲಿನಲ್ಲಿ ಕಟ್ಟಿದ ಒಂದು ಮುಡಿ ಅಕ್ಕಿ, ಎರಡು ಚಾಪೆ, ನಾಲ್ಕು ಪಾತ್ರೆ, ನನ್ನ ಪುಸ್ತಕದ ಟ್ರಂಕು. ತೆಂಗಿನಕಾಯಿ ತುರಿಯುವ ಹೆರೆಮಣೆಯನ್ನು ಅಮ್ಮ ಬಸ್ಸಿನ ಮೇಲೆ ಹಾಕಲಿಕ್ಕೆ ಬಿಡದೆ ಮಡಿಲಲ್ಲೇ ಇಟ್ಟುಕೊಂಡರು. ಅದರ ಹಲ್ಲು ತಾಗಿ ಪಕ್ಕದ ಹೆಂಗಸಿನ ಸೀರೆ ಹರಿದು, ಉಪ್ಪಿನಂಗಡಿಯಿಂದ ಪುತ್ತೂರಿನ ತನಕ ನಾವು ಬೈಗುಳ ಕೇಳಿಕೊಂಡೇ ಬಂದೆವು. ಅಮ್ಮ ಹೆರೆಮಣೆ ಬಿಡಲಿಲ್ಲ.

ಬಿಡಾರ ಕೋರ್ಟಿನ ಹಿಂದಿನ ರಸ್ತೆಯಲ್ಲಿ. ಹೆಂಚಿನ ಸಾಲುಮನೆ, ಐದು ಬಾಗಿಲು, ಐದು ಸಂಸಾರ, ಎಲ್ಲರಿಗೂ ಸೇರಿ ಒಂದೇ ಬಾವಿ. ನಮ್ಮದು ಕೊನೆಯದ್ದು. ಎದುರಿಗೆ ಮೊಣಕಾಲೆತ್ತರದ ಜಗಲಿ, ಒಳಗೆ ಒಂದು ಕೋಣೆ, ಅದರ ಹಿಂದೆ ಇಬ್ಬರು ಕೂತರೆ ಮೂರನೆಯವರಿಗೆ ಜಾಗ ಇಲ್ಲದ ಅಡಿಗೆಮನೆ. ಗೋಡೆ ಎಷ್ಟು ತೆಳ್ಳಗೆ ಎಂದರೆ ಪಕ್ಕದ ಮನೆಯವರು ಒಗ್ಗರಣೆಗೆ ಸಾಸಿವೆ ಹಾಕಿದರೆ ಸೀನು ನಮಗೆ ಬರುತ್ತಿತ್ತು. ಆ ಪಕ್ಕದ ಮನೆಯವರು ಐಸಮ್ಮ. ಕಬಕದವರು, ಗಂಡ ತೀರಿದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬೀಡಿ ಕಟ್ಟಿ ಬದುಕುತ್ತಿದ್ದವರು.

ಮೊದಲ ತಿಂಗಳು ಅಮ್ಮನಿಗೆ ಆದ ಆಶ್ಚರ್ಯಗಳನ್ನು ಬರೆದರೆ ಒಂದು ಪುಸ್ತಕ ಆದೀತು. ಸೌದೆಗೆ ದುಡ್ಡು ಕೊಡುವುದೆಂದರೆ ಅವರಿಗೆ ಅವಮಾನ. ಬಾಳೆಲೆಗೆ ದುಡ್ಡು ಕೊಡುವುದೆಂದರೆ ಸಿಟ್ಟು. ಒಗ್ಗರಣೆಗೆ ನಾಲ್ಕು ಎಲೆ ಕರಿಬೇವಿನಸೊಪ್ಪನ್ನು ದುಡ್ಡು ಕೊಟ್ಟು ತಂದ ದಿನ ಅವರು ಅತ್ತರು. ಸುಳ್ಳಲ್ಲ, ಅತ್ತೇಬಿಟ್ಟರು. "ಇದನ್ನು ಊರಲ್ಲಿ ದನ ಮೇಯ್ತದೆ ವಾರಿಜಾ" ಎಂದು ಆ ನಾಲ್ಕು ಎಲೆಯನ್ನು ಕೈಯಲ್ಲಿ ಹಿಡಿದು ತೋರಿಸಿದರು. ಸೌದೆಯವನು ಮೇಲೆ ಒಣಗಿದ್ದು ಇಟ್ಟು ಒಳಗೆ ಹಸಿಯದ್ದು ಸೇರಿಸಿ ಕೊಟ್ಟ. ಮಳೆಗಾಲ, ಒಲೆ ಉರಿಯುವುದಿಲ್ಲ, ಹೊಗೆ ಐದೂ ಮನೆಗೆ ನುಗ್ಗಿ ಎಲ್ಲರೂ ಬೈದರು. ಹಾಗೆ ಚಿಮಿಣಿ ಎಣ್ಣೆಯ ಸ್ಟೌ ಬಂತು. ಆ ಎಣ್ಣೆಯ ಸ್ಟೌವಿನ ಮೇಲೆ ಬೇಯಿಸಿದ ಗಂಜಿಗೆ ವಾಸನೆ ಎಂದು ಅಮ್ಮ ಒಂದು ವಾರ ಬರೀ ಅವಲಕ್ಕಿ ತಿಂದರು. ಆಮೇಲೆ ಹಸಿವಿಗೆ ವಾಸನೆ ಬರುವುದು ನಿಂತಿತು.

ಇದೆಲ್ಲ ಕಲಿತರು. ಚಪ್ಪಲಿ ಹಾಕಲಿಕ್ಕೆ ಕಲಿತರು, ಸಂತೆಯಲ್ಲಿ ಚೌಕಾಸಿ ಮಾಡಲಿಕ್ಕೆ ಕಲಿತರು, ಬಾವಿಯಲ್ಲಿ ಸರದಿಗೆ ಕೊಡ ಇಟ್ಟು ಜಗಳಾಡಲಿಕ್ಕೂ ಕಲಿತರು. ಬಾಗಿಲು ಹಾಕಲಿಕ್ಕೆ ಮಾತ್ರ ಕಲಿಯಲಿಲ್ಲ. ನಮ್ಮ ಊರಲ್ಲಿ ಹಗಲು ಬಾಗಿಲು ಹಾಕಿದ ಮನೆ ಎಂದರೆ ಅಲ್ಲಿ ಎಂತದೋ ಆಗಬಾರದ್ದು ಆಗಿದೆ ಎಂದೇ ಅರ್ಥ. ಅಂಗಳಕ್ಕೆ ಯಾರು ಕಾಲಿಟ್ಟರೂ ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಅದು ಕೊಟ್ಟ ಮೇಲೆಯೇ ಯಾರು, ಎಲ್ಲಿಂದ, ಎಂತಕ್ಕೆ ಬಂದದ್ದು ಎಂಬ ಮಾತು. ಇದನ್ನು ಅಮ್ಮ ಹಾಗೆಯೇ ಮಡಚಿ ಪುತ್ತೂರಿಗೆ ತಂದಿದ್ದರು.

ಜೂನಿನ ಒಂದು ದಿನ ಮಳೆಗೆ ಯಾರೋ ಒಬ್ಬರು ನಮ್ಮ ಜಗಲಿ ಹತ್ತಿ ನಿಂತರು. ಪೇಟೆಯಲ್ಲಿ ಮಳೆ ಬಂದರೆ ಯಾರ ಜಗಲಿಯಲ್ಲಾದರೂ ಯಾರಾದರೂ ನಿಲ್ಲುತ್ತಾರೆ, ಬಿಟ್ಟಾಗ ಹೋಗುತ್ತಾರೆ. ಅಮ್ಮ ನೆಂಟರು ಬಂದರೆಂದು ಬೆಲ್ಲ ನೀರು ತಂದು ಇಟ್ಟರು. ಆ ಮನುಷ್ಯ ಗಾಬರಿಯಾಗಿ ಎಷ್ಟಾಯಿತು ಎಂದು ಕಿಸೆಗೆ ಕೈ ಹಾಕಿದ! ಅಮ್ಮನಿಗೆ ಆದ ನಾಚಿಕೆ ನೋಡಬೇಕಿತ್ತು. ಆದರೆ ಆ ಮನುಷ್ಯ ಮರುದಿನ ಮಳೆ ಇಲ್ಲದಾಗಲೂ ಬಂದ. ಬಸ್ಸಿಗೆ ಕಾಯುವವರಿಗೆ ನಮ್ಮ ಜಗಲಿ ಒಳ್ಳೆಯದು ಎಂದು ಅವನು ಇನ್ನೂ ನಾಲ್ವರಿಗೆ ಹೇಳಿದ.

ಅವರದ್ದಾದರೂ ಚಿಂತಿಲ್ಲ, ಜಗಲಿಯಲ್ಲಿ ಕೂತು ಹೋಗುವವರು. ನಿಜವಾದ ತಲೆನೋವು ಊರಿನವರು. ಆಗ ಕಡಬಕ್ಕೂ ಪುತ್ತೂರೇ ತಾಲೂಕು, ಸುಳ್ಯಕ್ಕೂ ಪುತ್ತೂರೇ. ಕೋರ್ಟು, ರಿಜಿಸ್ಟ್ರಿ, ಆಸ್ಪತ್ರೆ, ಅಡಿಕೆಯ ಮಂಡಿ ಎಲ್ಲದಕ್ಕೂ ಅಲ್ಲಿಗೇ ಬರಬೇಕು. "ಸೇಸಮ್ಮ ಕೋರ್ಟಿನ ಹಿಂದೆಯೇ ಇದ್ದಾರಂತೆ" ಎಂಬ ಸುದ್ದಿ ಹೊಳೆಯ ಎರಡೂ ಬದಿಗೆ ಹಬ್ಬಿತು. ಬಂದವರು ಗಂಟು ಇಟ್ಟರು, ಕೊಡೆ ಇಟ್ಟರು, ಒಬ್ಬರು ಕಾಲು ಕಟ್ಟಿದ ಎರಡು ಕೋಳಿ ಇಟ್ಟು ಹೋಗಿ ಮೂರು ದಿನ ತಿರುಗಿ ಬರಲಿಲ್ಲ. ಊಟ ಮಾಡಿದರು. ಮಲಗಿದರು. ಮಾವನ ಗದ್ದೆಯ ವ್ಯಾಜ್ಯದ ಸಾಕ್ಷಿಗಳು ವಿಚಾರಣೆಯ ಹಿಂದಿನ ದಿನ ಬಂದು ಕೂತು, ಮರುದಿನ ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದರು. ಗದ್ದೆಯ ಮೂಡಣ ಗಡಿಗೆ ಎಂತ ಉಂಟು? ಒಂದು ಧೂಪದ ಮರ. ಪಡುವಣಕ್ಕೆ? ನೀರಿನ ತೋಡು. ನಾನು ಅದೇ ಕೋಣೆಯ ಮೂಲೆಯಲ್ಲಿ ಬೀಜಗಣಿತ ಹಿಡಿದು ಕೂತಿರುತ್ತಿದ್ದೆ. ನವೆಂಬರಿನ ಹೊತ್ತಿಗೆ ಆ ಗದ್ದೆಯ ನಾಲ್ಕೂ ಗಡಿ ನನಗೆ ಕಂಠಪಾಠ. ಬೀಜಗಣಿತದ್ದು ಒಂದು ಸೂತ್ರ ನೆನಪಿಲ್ಲ. ಅವರು ಕರೆದಿದ್ದರೆ ನಾನೇ ಹೋಗಿ ಅವರಿಗಿಂತ ಚೆಂದ ಸಾಕ್ಷಿ ಹೇಳಿ ಬರುತ್ತಿದ್ದೆ.

ಡಿಸೆಂಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ. ಲೆಕ್ಕದ ಪರೀಕ್ಷೆಯ ಹಿಂದಿನ ದಿನ ನಮ್ಮ ಕೋಣೆಯಲ್ಲಿ ಐದು ಜನ. ನಾನು ಪುಸ್ತಕ ತೆಗೆದುಕೊಂಡು ಬಾವಿಕಟ್ಟೆಯಲ್ಲಿ ಕೂತೆ. ನೀರಿಗೆ ಬಂದವರು ಆಚೆ ಸರಿ ಎಂದರು. ಜಗಲಿಗೆ ಬಂದರೆ ಅಲ್ಲಿ ಬಸ್ಸಿನವರು. ಲೆಕ್ಕದಲ್ಲಿ ನೂರಕ್ಕೆ ಹದಿನೇಳು ಬಂತು.

ಉತ್ತರಪತ್ರಿಕೆ ತಂದು ಅಮ್ಮನ ಎದುರು ಇಟ್ಟೆ. ಅವರಿಗೆ ಓದಲಿಕ್ಕೆ ಬರುವುದಿಲ್ಲ. ಆದರೆ ಕೆಂಪು ಶಾಯಿ ಕಾಣುತ್ತದಲ್ಲ. "ನೋಡಿ" ಎಂದೆ. "ಬಂದವರಿಗೆಲ್ಲ ಬೆಲ್ಲ ಕೊಡಿ, ಅನ್ನ ಹಾಕಿ, ಚಾಪೆ ಹಾಸಿ. ಮಾರ್ಚಿನಲ್ಲಿ ನಾನು ಫೇಲಾದರೆ ನನ್ನ ಮದುವೆಗೂ ಅವರೇ ಬರ್ತಾರೆ, ಊಟ ಮಾಡಿ ಹೋಗ್ತಾರೆ. ನಿಮಗೆ ಮಗಳು ಬೇಕಾ, ಊರಿನವರ ಹತ್ತಿರ ಒಳ್ಳೆಯ ಹೆಸರು ಬೇಕಾ?"

ಅಮ್ಮನಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಹೊಡೆಯುತ್ತಾರೆಂದು ಮುಖ ಗಟ್ಟಿ ಮಾಡಿಕೊಂಡು ನಿಂತೆ. ಅವರು ಪತ್ರಿಕೆಯನ್ನು ಸರಿಯಾಗಿ ಮಡಚಿ ಟ್ರಂಕಿನ ಮೇಲೆ ಇಟ್ಟು ಅಕ್ಕಿ ತೊಳೆಯಲಿಕ್ಕೆ ಹೋದರು. ಎರಡು ದಿನ ಕಳೆದ ಮೇಲೆ ಅವರು ಬಾಗಿಲಿನ ಚಿಲಕಕ್ಕೆ ತೆಂಗಿನೆಣ್ಣೆ ಹಾಕಿ ಹಿಂದೆ ಮುಂದೆ ಎಳೆಯುತ್ತಿದ್ದದ್ದನ್ನು ಕಂಡೆ. ಆರು ತಿಂಗಳಲ್ಲಿ ಹಗಲು ಒಮ್ಮೆಯೂ ಹಾಕದ ಚಿಲಕ ತುಕ್ಕು ಹಿಡಿದಿತ್ತು.

ಸೋಮವಾರ ಮಧ್ಯಾಹ್ನ ಮಾವ ಬಂದರು. ಕೈಯಲ್ಲಿ ವ್ಯಾಜ್ಯದ ಕಾಗದದ ಚೀಲ, ಹಿಂದೆ ನಾಲ್ವರು ಸಾಕ್ಷಿಗಳು. ಮೂರು ದಿನ ವಿಚಾರಣೆ ಉಂಟು ಎಂದು ದೂರದಿಂದಲೇ ಹೇಳಿಕೊಂಡು ಬಂದರು. ಅಮ್ಮ ಬೆಲ್ಲ, ನೀರು ಹಿಡಿದುಕೊಂಡು ಹೊರಗೆ ಹೋದರು. ಜಗಲಿಯ ಮೇಲೆ ಅಲ್ಲ, ಕೆಳಗಿನ ಮೆಟ್ಟಿಲಿನ ಮೇಲೆ ತಟ್ಟೆ ಇಟ್ಟರು. ಐದೂ ಜನ ಕುಡಿದರು. ಮಾವ ಚಪ್ಪಲಿ ಕಳಚಿ ಮೆಟ್ಟಿಲು ಹತ್ತುವಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತರು.

"ಅಣ್ಣ, ಒಳಗೆ ಬೇಡ."

"ಎಂತ?"

"ವಾರಿಜ ಓದ್ತಾ ಇದ್ದಾಳೆ."

"ಓದಲಿ. ನಾವೆಂತ ಅವಳ ಪುಸ್ತಕ ತಿನ್ತೇವಾ?" ಮಾವ ನಕ್ಕರು. ಸಾಕ್ಷಿಗಳೂ ನಕ್ಕರು.

"ಊಟಕ್ಕೆ ಹೋಟೆಲು ಉಂಟು. ಮಲಗಲಿಕ್ಕೆ ದೇವಸ್ಥಾನದ ಹತ್ತಿರ ಛತ್ರ ಉಂಟು. ಮಾರ್ಚು ಕಳೀಲಿ, ಎಲ್ಲರೂ ಬನ್ನಿ. ಅಲ್ಲಿ ತನಕ ಇಲ್ಲಿ ಯಾರೂ ಬೇಡ."

ಮಾವನ ನಗು ನಿಂತಿತು. "ನಾನು ಕಳಿಸಿದ ಅಕ್ಕಿಯಲ್ಲಿ ನನಗೆ ಒಂದು ಹಿಡಿ ಅನ್ನ ಇಲ್ಲವಾ ಸೇಸು?"

"ಅದು ನಿಮ್ಮ ಅಕ್ಕಿ ಅಲ್ಲ ಅಣ್ಣ. ಮನೆಯ ಅಕ್ಕಿ" ಎಂದರು ಅಮ್ಮ. ಹೇಳಿ ಒಳಗೆ ಬಂದು ಬಾಗಿಲು ಹಾಕಿದರು. ಚಿಲಕ ಸರಾಗವಾಗಿ ಕೂತಿತು.

ಹೊರಗೆ ಚಪ್ಪಲಿಯ ಸದ್ದು ರಸ್ತೆಯ ಕಡೆಗೆ ಹೋಯಿತು. ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತೇಬಿಟ್ಟರು. ತಂದೆಯ ಸ್ಥಾನದಲ್ಲಿದ್ದ ಅಣ್ಣನನ್ನು ನಾಲ್ಕು ಜನರ ಎದುರು ಮೆಟ್ಟಿಲಿಂದ ತಿರುಗಿಸಿ ಕಳಿಸಿದ ಹೆಂಗಸು ಅವರು. ನನಗೆ ಓಡಿ ಹೋಗಿ ಹಿಡಿದುಕೊಳ್ಳಬೇಕು ಎನಿಸಿತು. ಅಷ್ಟರಲ್ಲಿ ಅವರೇ, "ನನ್ನ ಮುಖ ಎಂತಕ್ಕೆ ನೋಡುದು? ಪುಸ್ತಕ ನೋಡು!" ಎಂದು ಗದರಿದರು.

ಜನವರಿಯಲ್ಲಿ ಅಕ್ಕಿ ಬರಲಿಲ್ಲ. ಬಾಡಿಗೆಯೂ ಬರಲಿಲ್ಲ. ಒಂದು ಮಾತೂ ಬರಲಿಲ್ಲ. ಮಾವನ ಸಿಟ್ಟು ಹಾಗೆ, ಬೈಯುವುದಿಲ್ಲ, ನಿಲ್ಲಿಸಿಬಿಡುತ್ತಾರೆ. ಮುಡಿಯ ತಳದಲ್ಲಿ ಎರಡು ಸೇರು ಉಳಿದಿದ್ದಾಗ ಅಮ್ಮ ಐಸಮ್ಮನ ಬಾಗಿಲಿಗೆ ಹೋಗಿ ನಿಂತರು. ಸಾಲ ಕೇಳಲಿಕ್ಕೆ ಎಂದುಕೊಂಡೆ. ಅಲ್ಲ.

"ಐಸಮ್ಮ, ನನಗೂ ಬೀಡಿ ಕಟ್ಟಲಿಕ್ಕೆ ಕಲಿಸಿ."

ಐಸಮ್ಮ ಕತ್ತರಿ ಕೆಳಗಿಟ್ಟರು. "ಎಂತ ತಮಾಷೆಯಾ ಸೇಸಮ್ಮ? ನಿಮ್ಮಂತ ದೊಡ್ಡ ಮನೆಯವರು ಮಾಡುವ ಕೆಲಸವಾ ಇದು? ನಿಮ್ಮ ಊರಿನವರಿಗೆ ಗೊತ್ತಾದರೆ ನನ್ನನ್ನು ಬೈತಾರೆ."

"ಊರಿನವರು ನಾಡಿದ್ದಿಗೆ ಅಕ್ಕಿ ತಂದು ಕೊಡ್ತಾರಾ?"

ಐಸಮ್ಮ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ಬೀಡಿ ಕಟ್ಟುವುದೆಂದರೆ ಹೇಳಿದಷ್ಟು ಸುಲಭ ಅಲ್ಲ. ಎಲೆ ನೆನೆಸಬೇಕು, ತಗಡಿನ ಅಳತೆ ಇಟ್ಟು ಕತ್ತರಿಸಬೇಕು, ಹೊಗೆಸೊಪ್ಪಿನ ಪುಡಿ ಹದಕ್ಕೆ ತುಂಬಬೇಕು, ಸುರುಟಬೇಕು, ತುದಿ ಮಡಚಿ ನೂಲು ಸುತ್ತಬೇಕು. ಹೆಚ್ಚು ಬಿಗಿಯಾದರೆ ಹೊಗೆ ಎಳೆಯಲಿಕ್ಕೆ ಆಗುವುದಿಲ್ಲ, ಸಡಿಲಾದರೆ ಪುಡಿ ಉದುರುತ್ತದೆ. ಗದ್ದೆಯಲ್ಲಿ ನೇಜಿ ನೆಟ್ಟ ಕೈ, ಮಜ್ಜಿಗೆ ಕಡೆದ ಕೈ ಅಮ್ಮನದ್ದು, ಆ ಸಣ್ಣ ಎಲೆ ಅವರ ಬೆರಳಿಗೆ ಸಿಗುತ್ತಿರಲಿಲ್ಲ. ಮೊದಲ ವಾರ ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋದರೆ, ಬೀಡಿ ತೆಗೆದುಕೊಳ್ಳುವವನು ಒಂದೊಂದನ್ನೇ ಹಿಚುಕಿ ನೋಡಿ ಅರ್ಧಕ್ಕರ್ಧ ಆಚೆ ಎಸೆದ. ಎಲ್ಲ ಹೆಂಗಸರ ಎದುರು. ಅಮ್ಮ ಎಸೆದದ್ದನ್ನೆಲ್ಲ ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಿಕೊಂಡು ಬಂದು, ಬಿಚ್ಚಿ ಪುನಃ ಕಟ್ಟಿದರು. ಮೂರನೆಯ ವಾರ ಅವನು ಎಸೆದದ್ದು ಎರಡೋ ಮೂರೋ ಮಾತ್ರ.

ಪೇಟೆಯಲ್ಲಿ ಸ್ವಲ್ಪ ಮರ್ಯಾದಸ್ತರ ಮನೆಯ ಹೆಂಗಸರೂ ಬೀಡಿ ಕಟ್ಟುತ್ತಿದ್ದರು. ಆದರೆ ಒಳಗೆ, ಯಾರಿಗೂ ಕಾಣದ ಹಾಗೆ. ನಮ್ಮ ಅಮ್ಮ ಎಲ್ಲಿ ಕೂತರು ಗೊತ್ತುಂಟಾ? ಜಗಲಿಯಲ್ಲಿ! ರಸ್ತೆಗೆ ಮುಖ ಮಾಡಿ, ಮಡಿಲಲ್ಲಿ ಎಲೆ, ಪುಡಿ ಹರಡಿದ ಮೊರದಂಥ ಗೆರಸೆ ಇಟ್ಟುಕೊಂಡು. ನನಗೇ ನಾಚಿಕೆಯಾಯಿತು, ಈಗ ಹೇಳಿಬಿಡುತ್ತೇನೆ. ಶಾಲೆಯ ಹುಡುಗಿಯರು ಅದೇ ದಾರಿಯಲ್ಲಿ ಹೋಗುವವರು. "ಅಮ್ಮ, ಒಳಗೆ ಕೂತು ಕಟ್ಟಿ" ಎಂದೆ.

"ಒಳಗೆ ನೀನು ಓದುದಲ್ಲವಾ? ಹೊಗೆಸೊಪ್ಪಿನ ಘಾಟಿಗೆ ನಿನಗೆ ಕೆಮ್ಮು ಬರ್ತದೆ."

"ಯಾರಾದರೂ ನೋಡ್ತಾರೆ."

"ನೋಡಲಿ. ಕದ್ದು ಮಾಡಲಿಕ್ಕೆ ಇದೆಂತ ಕಳ್ಳಭಟ್ಟಿಯಾ?"

ನೋಡಿದರು. ಕಡಬದವರು ನೋಡಿದರು, ಸುಳ್ಯದವರು ನೋಡಿದರು. ಆರು ತಿಂಗಳು ನಮ್ಮಲ್ಲಿ ಉಂಡು ಮಲಗಿ ಹೋದವರು ಈಗ ರಸ್ತೆಯ ಆಚೆ ಬದಿಗೆ ಸರಿದು, ಕೊಡೆ ಅಡ್ಡ ಹಿಡಿದು ಹೋಗುತ್ತಿದ್ದರು, ಬಿಸಿಲಿಲ್ಲದ ಹೊತ್ತಿನಲ್ಲೂ. ಬೀಡಿ ಕಟ್ಟುವ ಮನೆಯಲ್ಲಿ ನೀರು ಕುಡಿದರೆ ಅವರ ಮರ್ಯಾದೆ ಕರಗುತ್ತದಂತೆ. ಕರಗಲಿ ಬಿಡಿ! ನಮಗೆ ಸಿಕ್ಕಿದ ನೆಮ್ಮದಿ ಎಷ್ಟು. ಆ ಎರಡು ತಿಂಗಳು ನಾನು ಓದಿದ್ದೇ ಓದಿದ್ದು. ಬಾಕಿ ಎಲ್ಲ ಪಾಠ ಹಿಡಿತಕ್ಕೆ ಬಂತು. ಲೆಕ್ಕ ಮಾತ್ರ ಆರು ತಿಂಗಳ ಹಿಂದೆಯೇ ಕೈತಪ್ಪಿತ್ತು, ಎರಡು ತಿಂಗಳಲ್ಲಿ ಪೂರ್ತಿ ಹಿಡಿಯಲಿಕ್ಕಾಗಲಿಲ್ಲ.

ಮೇ ತಿಂಗಳ ಕೊನೆಗೆ ಶಾಲೆಯ ಹಲಗೆಯ ಮೇಲೆ ಪಾಸಾದವರ ನಂಬರು ಅಂಟಿಸಿದರು. ನನ್ನದು ಇರಲಿಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನಾಲ್ಕು ಸಲ ನೋಡಿದೆ. ಆಫೀಸಿನಲ್ಲಿ ಕೇಳಿದರೆ, ಲೆಕ್ಕದಲ್ಲಿ ಹೋಗಿದೆ ಎಂದರು. ಸೆಕೆಯಲ್ಲಿ ನಡೆದುಕೊಂಡು ಬರುವಾಗ ಒಂದೇ ಯೋಚನೆ: ಪಾತ್ರೆ ಯಾವುದರಲ್ಲಿ ಕಟ್ಟುದು, ಚಾಪೆ ಯಾವುದರಲ್ಲಿ ಸುತ್ತುದು. ನನ್ನ ಮಟ್ಟಿಗೆ ಎಲ್ಲ ಮುಗಿದಿತ್ತು. ಜಗಲಿ ಹತ್ತಿ, "ಅಮ್ಮ, ಹೋಗುವ. ಮಾವ ಹೇಳಿದ ಹಾಗೆ ಆಗಲಿ" ಎಂದೆ.

ಅಮ್ಮ ತಲೆ ಎತ್ತಲಿಲ್ಲ. "ಯಾವುದರಲ್ಲಿ ಹೋಯಿತು?"

"ಲೆಕ್ಕದಲ್ಲಿ."

"ಬಾಕಿದ್ದರಲ್ಲಿ?"

"ಬಾಕಿ ಎಲ್ಲದರಲ್ಲೂ ಆಗಿದೆ."

"ಪುನಃ ಯಾವಾಗ ಪರೀಕ್ಷೆ?"

"ಸೆಪ್ಟೆಂಬರಿನಲ್ಲಿ. ಆದರೆ ಅಮ್ಮ, ನಾವು ಮಾತು ಕೊಟ್ಟಿದ್ದೇವಲ್ಲ?"

ಆಗ ತಲೆ ಎತ್ತಿದರು. ಮುಖದಲ್ಲಿ ಸಿಟ್ಟು ಇತ್ತು, ಅದು ನನ್ನ ಮೇಲೆ ಎಂದೇ ನಾನು ತಿಳಿದದ್ದು. "ಒಂದು ಹಾಳಾದ ಬೀಡಿಗೆ ಇಡೀ ಬುಟ್ಟಿ ಚೆಲ್ಲಿ ಬರ್ತಾರಾ? ಹೋಗಿ ಮುಖ ತೊಳೆದು ಗಂಜಿ ಉಣ್ಣು" ಎಂದರು.

ನಾಲ್ಕು ದಿನ ಬಿಟ್ಟು ಮಾವ ಬಂದರು. ಈ ಸಲ ಒಬ್ಬರೇ. ಸುದ್ದಿ ಅವರಿಗೆ ನಮಗಿಂತ ಬೇಗ ಮುಟ್ಟಿರಬೇಕು. ಅಮ್ಮ ಎದ್ದು ಬೆಲ್ಲ ನೀರು ಕೊಟ್ಟು, ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿ, ಪುನಃ ಗೆರಸೆ ಮಡಿಲಿಗೆ ಎಳೆದುಕೊಂಡರು. ಮಾವ ಆ ಗೆರಸೆಯನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣು ಕೆಂಪಾದದ್ದು ಸಿಟ್ಟಿಗೋ ದುಃಖಕ್ಕೋ ನನಗೆ ಈಗಲೂ ಗೊತ್ತಿಲ್ಲ.

"ಸಾಕು ಸೇಸು" ಎಂದರು. "ಆದದ್ದು ಆಯಿತು. ನಾನು ಎಂತದೂ ಕೇಳುದಿಲ್ಲ. ಸಾಮಾನು ಕಟ್ಟು, ನಾಳೆಯ ಬಸ್ಸಿಗೆ ಹೋಗುವ. ನೆಲ್ಯಾಡಿ ಕಡೆ ಒಂದು ಒಳ್ಳೆಯ ಸಂಬಂಧ ನೋಡಿದ್ದೇನೆ. ನಮ್ಮಲ್ಲಿ ಮಾತು ಆಗಿತ್ತು, ನೆನಪುಂಟಲ್ಲ?"

"ಉಂಟು" ಎಂದರು ಅಮ್ಮ, ಬೀಡಿ ಸುರುಟುತ್ತಲೇ. "ಫೇಲಾದರೆ ಬರ್ತೇನೆ ಅಂತ ನನ್ನ ಮಾತು. ತಿಂಗಳಿಗೆ ಒಂದು ಮುಡಿ ಅಂತ ನಿಮ್ಮ ಮಾತು. ಯಾರದ್ದು ಮೊದಲು ತಪ್ಪಿದ್ದು ಅಣ್ಣ?"

ಮಾವನ ಎದುರು ಲೆಕ್ಕಾಚಾರದ ಮಾತು ಆಡಿದವರು ಆ ತನಕ ವಕೀಲರು ಮಾತ್ರ.

"ನೀನು ನನ್ನನ್ನು ಬಾಗಿಲಿಂದ ತಿರುಗಿಸಿದ್ದು?"

"ತಿರುಗಿಸಿದ್ದೇನೆ. ಆದರೆ ತಪ್ಪಾಯಿತು ಅಂತ ಹೇಳುದಿಲ್ಲ. ಇವಳು ಸೆಪ್ಟೆಂಬರಿನಲ್ಲಿ ಪುನಃ ಕೂರ್ತಾಳೆ. ಆಗದಿದ್ದರೆ ಮಾರ್ಚಿನಲ್ಲಿ ಪುನಃ."

"ಹಾಗಾದರೆ ಮನೆಯ ಆಸೆ ಬಿಡು. ಬೀಡಿ ಕಟ್ಟುವವಳು ನಮ್ಮ ಚಾವಡಿ ಹತ್ತುದು ಬೇಡ."

ಅಮ್ಮ ಆಗ ಗೆರಸೆಯನ್ನು ಪಕ್ಕಕ್ಕಿಟ್ಟರು. ಹೊಗೆಸೊಪ್ಪಿನ ಪುಡಿಯ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಐಸಮ್ಮ ತಮ್ಮ ಬಾಗಿಲಿಗೆ ಬಂದು ನಿಂತಿದ್ದರು, ಸಾಲುಮನೆಯ ಬಾಕಿಯವರೂ ಹೊರಗೆ ಬಂದಿದ್ದರು.

"ಅಣ್ಣ, ನೀವು ಯಜಮಾನರು. ನಿಮಗೆ ಎದುರು ಮಾತಾಡಿದ್ದಕ್ಕೆ ನನ್ನ ಬಾಯಿ ಒಣಗ್ತದೆ. ಆದರೆ ಒಂದು ಹೇಳಿ. ನಮ್ಮ ಕಟ್ಟುಕಟ್ಟಳೆಯಲ್ಲಿ ಮನೆ ಯಾರದ್ದು? ಹೆಣ್ಣಿನದ್ದು. ಅಮ್ಮ ಹೋದ ಮೇಲೆ ನನ್ನದು ಮತ್ತೆ ತಂಗಿಯದ್ದು. ನಮ್ಮ ನಂತರ ಈ ವಾರಿಜಂದು. ನೀವು ಅದನ್ನು ನಡೆಸಿಕೊಂಡು ಹೋಗುವವರು. ಚೆಂದ ಮಾಡಿಯೇ ನಡೆಸಿದ್ದೀರಿ, ಇಲ್ಲ ಅನ್ನುದಿಲ್ಲ. ಆದರೆ ಅದರ ಚಾವಡಿ ಹತ್ತಬೇಡ ಅಂತ ನನಗೆ ಹೇಳಲಿಕ್ಕೆ ನಿಮಗೆ ಆಗುದಿಲ್ಲ. ನನಗೆ ಬೇಕಾದಾಗ ನಾನು ಬರ್ತೇನೆ. ಈಗ ನನಗೆ ಇಲ್ಲಿ ಕೆಲಸ ಉಂಟು."

ಇಷ್ಟು ಮಾತನ್ನು ಅಮ್ಮ ಒಟ್ಟಿಗೆ ಆಡಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಮಾವ ಎದ್ದರು. ಕೊಡೆ ಮರೆತು ಮೆಟ್ಟಿಲು ಇಳಿದರು. ನಾನು ಓಡಿ ಹೋಗಿ ಕೊಟ್ಟೆ. ಕೊಡೆ ತೆಗೆದುಕೊಂಡು, ನನ್ನ ಮುಖ ನೋಡದೆ, "ಲೆಕ್ಕ ಅಷ್ಟು ಕಷ್ಟವಾ?" ಎಂದರು. ಹೌದು ಎಂದೆ. "ನನಗೂ ಅದರಲ್ಲೇ ಹೋದದ್ದು" ಎಂದು ಹೇಳಿ ಬಸ್ಸಿನ ಕಡೆ ನಡೆದರು. ಮಾವ ಶಾಲೆಗೆ ಹೋಗಿದ್ದರೆಂದೇ ನನಗೆ ಆ ತನಕ ಗೊತ್ತಿರಲಿಲ್ಲ.

ಜೂನಿನ ಮೊದಲ ವಾರ ಬಸ್ಸಿನ ಮೇಲಿಂದ ಒಂದು ಮುಡಿ ಅಕ್ಕಿ ಇಳಿಯಿತು. ಒಟ್ಟಿಗೆ ಕಾಗದ ಇಲ್ಲ, ಮಾತು ಇಲ್ಲ. ತಿರುಗಿ ಕಳಿಸುವ ಎಂದು ನಾನು ಹಾರಾಡಿದೆ. ಆ ವಯಸ್ಸಿನ ರೋಷ! ಅಮ್ಮ, "ಅನ್ನದ ಮೇಲೆ ಎಂತ ಕೋಪ? ಅದು ನಮ್ಮದೇ ಗದ್ದೆಯದ್ದು" ಎಂದು ಒಳಗೆ ತೆಗೆದಿಟ್ಟರು. ಹಾಗೆಂದು ಬೀಡಿ ಬಿಡಲಿಲ್ಲ. ಇನ್ನು ಎಂತಕ್ಕೆ ಅದು ಎಂದರೆ, "ಅಕ್ಕಿ ಬಂತು ಅಂತ ಇದನ್ನು ಬಿಟ್ಟರೆ, ಪುನಃ ಅಕ್ಕಿ ನಿಂತ ದಿನ ಅಣ್ಣ ಹೇಳಿದ ಹಾಗೆ ಕುಣೀಬೇಕಾಗ್ತದೆ" ಎಂದರು.

ಆ ಮಳೆಗಾಲ ಇಡೀ ಲೆಕ್ಕ. ಶಾಲೆಯ ಲೆಕ್ಕದ ಮಾಸ್ತರರು ಶನಿವಾರ ಮಧ್ಯಾಹ್ನ ತಮ್ಮ ಮನೆಯ ಜಗಲಿಯಲ್ಲಿ ಹೇಳಿಕೊಟ್ಟರು. ಬಾಕಿ ದಿನ ನಾನು ಅಮ್ಮನ ಒಟ್ಟಿಗೆ ಕೂತು ಎಲೆ ಕತ್ತರಿಸುತ್ತಾ ಸೂತ್ರ ಹೇಳುವುದು. ನಾನು ತಡವರಿಸಿದರೆ ಅಮ್ಮ, ಅರ್ಥವಾಗದಿದ್ದರೂ, "ನಿನ್ನೆ ಹೀಗೆ ಹೇಳಲಿಲ್ಲ, ಸರಿ ನೋಡಿಕೋ" ಎನ್ನುತ್ತಿದ್ದರು. ಹೆಚ್ಚಿನ ಸಲ ಅವರು ಹೇಳಿದ್ದೇ ಸರಿ ಇರುತ್ತಿತ್ತು. ಅಷ್ಟು ಕೇಳಿ ಕೇಳಿ ಅವರ ಕಿವಿಗೆ ಅದು ಕೂತುಬಿಟ್ಟಿತ್ತು.

ಈಗಲೂ ನಮ್ಮ ಕಡೆಯ ಮದುವೆ ಮುಂಜಿಗಳಲ್ಲಿ ಹಳಬರು ಯಾರಾದರೂ ಸಿಕ್ಕಿದರೆ ಧ್ವನಿ ತಗ್ಗಿಸಿ, "ಆಗ ನಿಮಗೆ ಬಹಳ ಕಷ್ಟ ಇತ್ತಂತೆ ಅಲ್ವಾ, ನಿಮ್ಮ ತಾಯಿ ಪುತ್ತೂರಿನಲ್ಲಿ..." ಎಂದು ಅರ್ಧಕ್ಕೇ ನಿಲ್ಲಿಸುತ್ತಾರೆ. ನಾನು ಧ್ವನಿ ತಗ್ಗಿಸುವವಳಲ್ಲ. "ಬೀಡಿ ಕಟ್ಟಿದರು. ಜಗಲಿಯಲ್ಲಿ ಕೂತು ಕಟ್ಟಿದರು. ನಾನೂ ಕಟ್ಟಿದ್ದೇನೆ" ಎಂದು ಊಟದ ಪಂಕ್ತಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಮೂವತ್ತು ವರ್ಷ ಸುಳ್ಯದಲ್ಲಿ ಟೀಚರಾಗಿ ಮಕ್ಕಳನ್ನು ಬೈದ ಗಂಟಲು ನನ್ನದು.

ಸೆಪ್ಟೆಂಬರಿನ ಪರೀಕ್ಷೆಯ ನಂಬರು ಬಂದ ದಿನ ಹಲಗೆಯ ಮೇಲೆ ಇದ್ದದ್ದು ಏಳೆಂಟೇ ನಂಬರು. ನನ್ನದು ಮೂರನೆಯದ್ದು. ಚಪ್ಪಲಿ ಕೈಯಲ್ಲಿ ಹಿಡಿದು ಓಡಿಕೊಂಡು ಬಂದೆ. ಅಮ್ಮ ಜಗಲಿಯಲ್ಲಿ ಬೀಡಿಯ ಒಂದು ಕಟ್ಟಿಗೆ ನೂಲು ಸುತ್ತುತ್ತಿದ್ದರು. "ಆಯಿತು ಅಮ್ಮ! ಪಾಸು!" ಎಂದು ಏದುಸಿರು ಬಿಟ್ಟೆ. ಅವರು ನೂಲನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದರು, ಕಟ್ಟನ್ನು ಬುಟ್ಟಿಯಲ್ಲಿಟ್ಟರು. ಕಣ್ಣೊರೆಸಿಕೊಂಡರು. ಹೊಗೆಸೊಪ್ಪಿನ ಕೈ, ಇನ್ನಷ್ಟು ನೀರು ಬಂತು.

"ಅದರ ನಂತರ ಎಂತ ಉಂಟು?" ಎಂದು ಕೇಳಿದರು.

"ಯಾವುದರ ನಂತರ?"

"ಇದರ. ಮುಂದೆ ಕಲೀಲಿಕ್ಕೆ ಎಂತ ಉಂಟು?"

"ಟೀಚರ್ ಟ್ರೈನಿಂಗ್ ಉಂಟು. ಆದರೆ ಅದು ಮಂಗಳೂರಿನಲ್ಲಿ ಅಮ್ಮ. ಎರಡು ವರ್ಷ."

ಅಮ್ಮ ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದರು. ಆಮೇಲೆ ಪಕ್ಕದ ಬಾಗಿಲಿನ ಕಡೆ ತಿರುಗಿ ಇಡೀ ಸಾಲುಮನೆಗೆ ಕೇಳುವ ಹಾಗೆ ಕೂಗಿದರು.

"ಐಸಮ್ಮಾ, ಮಂಗಳೂರಿನಲ್ಲಿ ಬೀಡಿಯ ಬ್ರಾಂಚು ಉಂಟಾ?"